ದೀಪಾವಳಿಯವರೆಗೆ ಇಟ್ಟುಕೊಂಡ ಅರ್ಧ ತಾಸು

ಆ ಅರ್ಧ ತಾಸಿಗೆ ನಾನು ಕೊಟ್ಟದ್ದು ತಿಂಗಳಿಗೆ ಹನ್ನೆರಡು ನೂರು ರೂಪಾಯಿ. ಸಂಜೆ ಎಂಟೂ ಹತ್ತರಿಂದ ಎಂಟೂ ನಲವತ್ತರವರೆಗಿನ ಅರ್ಧ ತಾಸು, ವಾರಕ್ಕೆ ಆರು ದಿನ. ರಾಣೆಬೆನ್ನೂರಿನಲ್ಲಿ ಬಡಿಸುವ ಕೆಲಸಕ್ಕೆ ಸಿಗುವ ಸಂಬಳದ ಲೆಕ್ಕ ಹಾಕಿದರೆ ಅದು ಹೆಚ್ಚೇ ಆಯಿತು, ಕಡಿಮೆಯಲ್ಲ. ಯಾರನ್ನು ಬೇಕಾದರೂ ಕೇಳಿ, ನ್ಯಾಯವಾದ ವ್ಯಾಪಾರ ಎನ್ನುತ್ತಾರೆ. ಹೋದ ದೀಪಾವಳಿಯವರೆಗೆ ನಾನೂ ಹಾಗೆಯೇ ಎನ್ನುತ್ತಿದ್ದೆ.

ಯಾಕೆ ಕೊಂಡೆ ಎಂದು ತಿಳಿಯಬೇಕಾದರೆ ನನ್ನ ಹೋಟೆಲು ಹೇಗಿದೆ ಎಂದು ತಿಳಿಯಬೇಕು. ಹೈವೇಗೆ ಹತ್ತಿರ ಎರಡು ಮುಖದ ಒಂದು ಕಟ್ಟಡ. ಮುಂದಿನ ಮುಖ ಬಾರ್. ಅದು ನನ್ನ ಮೈದುನನದು, ಲೈಸೆನ್ಸೂ ಅವನದೇ. ಹಿಂದಿನ ಮುಖ ಫ್ಯಾಮಿಲಿ ರೆಸ್ಟೋರಂಟ್, ಬೇರೆ ಬಾಗಿಲು, ಎಂಟು ಟೇಬಲ್ಲು. ಅದು ನನ್ನದು, ನಡುವಿನ ಅಡುಗೆಮನೆಯೂ ನನ್ನದು. ಇಂಥ ಜಾಗಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವವರು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಆಗ ಆ ಹೆಂಡತಿ ಒಳಗೆ ಕಣ್ಣಾಡಿಸಿ ನೋಡುವುದು ಒಂದನ್ನೇ: ಬಡಿಸುವವರಲ್ಲಿ ಹೆಣ್ಣುಮಕ್ಕಳು ಯಾರಾದರೂ ಇದ್ದಾರೆಯೇ? ಇದ್ದರೆ ಚಪ್ಪಲಿಯ ಕಾಲು ಒಳಗೆ ಬರುತ್ತದೆ. ಇಲ್ಲದಿದ್ದರೆ, 'ಮನಿಗೆ ಪಾರ್ಸಲ್ ಒಯ್ಯೋಣ ಬಿಡ್ರಿ' ಎಂದು ಗಂಡನ ಅಂಗಿ ಹಿಡಿದು ಎಳೆಯುತ್ತಾಳೆ. ನಮ್ಮಲ್ಲಿ ಸಂಸಾರದವರ ಗದ್ದಲ ಎಂಟು ಗಂಟೆಗೆ ಶುರುವಾಗಿ ಒಂಬತ್ತರೊಳಗೆ ಮುಗಿಯುತ್ತದೆ. ನನಗೆ ಆ ಹೊತ್ತಿನಲ್ಲಿ ಆ ಮುಖ ಬೇಕಿತ್ತು. ಇಷ್ಟೇ ಕಾರಣ.

ಅವಳ ಹೆಸರನ್ನು ಬರೆಯುವುದಿಲ್ಲ. ಮಕ್ಕಳ ಶಾಲೆಯ ಫಾರ್ಮಿನಲ್ಲಿ 'ತಾಯಿಯ ಉದ್ಯೋಗ' ಎಂದಿದ್ದ ಕಡೆ ಅವಳು 'ಹೊಲಿಗೆ' ಎಂದು ಬರೆಸಿದ್ದಳು. ಅವಳ ಅತ್ತೆಯೂ ಓಣಿಯಲ್ಲಿ ಹಾಗೆಯೇ ಹೇಳಿಕೊಂಡು ಬಂದಿದ್ದಳು, ಸೊಸೆ ಸಂಜೆ ಹೊತ್ತು ಟೇಲರ್ ಅಂಗಡಿಗೆ ಹೋಗುತ್ತಾಳೆ ಎಂದು. ಬಾರ್ ಎಂಬ ಬೋರ್ಡು ತೂಗುವ ಕಟ್ಟಡಕ್ಕೆ ದಿನಾ ಸಂಜೆ ಹೋಗಿಬರುವ ಹೆಂಗಸಿನ ಬಗ್ಗೆ ಊರು ಏನು ಮಾತಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಗಲ್ಲಾದ ಮೇಲೆ ಕುಳಿತು ಹದಿನೈದು ವರ್ಷ ಅದನ್ನೇ ಕೇಳಿದ್ದೇನೆ. ಅವಳು ಮುಚ್ಚಿಟ್ಟುಕೊಂಡದ್ದನ್ನು ಅವಳು ಹೋದ ಮೇಲೆ ನಾನು ಬಿಚ್ಚಿಡಬಾರದು. ಅಡುಗೆಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಮೇಡ್ಲೇರಿಯಾಕಿ ಎಂದಷ್ಟೇ ಇರಲಿ. ಗಂಡನ ಊರು ಮೇಡ್ಲೇರಿ. ಗಂಡ ಬೀಜದ ಲಾರಿಯ ಡ್ರೈವರು, ಹೊರಟರೆ ಹತ್ತು ಹನ್ನೆರಡು ದಿನ ಮನೆಗೆ ಬರುವವನಲ್ಲ. ಮಕ್ಕಳ ಶಾಲೆಗೆಂದು ರಾಣೆಬೆನ್ನೂರಿಗೆ ಬಂದು ನಮ್ಮ ಹೋಟೆಲಿನಿಂದ ಹತ್ತು ನಿಮಿಷದ ಹಾದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದ್ದರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಎಂಟನೆಯ ಕ್ಲಾಸು, ಸಣ್ಣವಳು ಎರಡನೆಯ ಕ್ಲಾಸು.

ಮೊದಲ ದಿನ ಅವಳು ಬಂದದ್ದು ರೊಟ್ಟಿ ಬಡಿಯುವ ಕೆಲಸ ಕೇಳಿಕೊಂಡು. ನಾನು ಚೌಕಾಶಿ ಕಲಿತದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ, ಚೀಲಗಳ ಸಾಲಿನ ನಡುವೆ ಬುಟ್ಟಿ ಹೊತ್ತು ಮಿರ್ಚಿ, ಮಂಡಕ್ಕಿ ಮಾರುತ್ತ. ಆಮೇಲೆ ಹಾವೇರಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ, ಆಮೇಲೆ ಇದು. ಎಲ್ಲ ಕಡೆಯೂ ನಾನು ಬಿಡದೆ ನಡೆಸಿಕೊಂಡು ಬಂದ ನಿಯಮ ಒಂದೇ, ದರವನ್ನು ನಾನಾಗಿ ಮೊದಲು ಹೇಳುವುದಿಲ್ಲ. ಎದುರಿನವರು ಹೇಳಲಿ, ಆಮೇಲೆ ನಾನು ಅಲ್ಲಿಂದ ಇಳಿಸುತ್ತೇನೆ. ಅವಳನ್ನೂ ಹಾಗೆಯೇ ಕೇಳಿದೆ.

"ಪಗಾರ ಎಷ್ಟು ಬೇಕ ನಿನಗ?"

ಅವಳು ಗೋಡೆಯ ಗಡಿಯಾರ ನೋಡಿದಳು.

"ಎಷ್ಟಕ್ಕ ಬಿಡ್ತೀರ್ರಿ ಅಕ್ಕಾರ?"

"ನಾ ಕೇಳಿದ್ದು ಪಗಾರ."

"ನಾ ಕೇಳಿದ್ದು ಟೈಮರಿ."

ಇಬ್ಬರೂ ಸುಮ್ಮನೆ ಕುಳಿತೆವು. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಸೋಲಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ದಿನ ನಾನೇ ಮೊದಲು ಬಾಯಿ ಬಿಟ್ಟೆ, ಆರೂವರೆ ಸಾವಿರ ಎಂದೆ. ಅವಳು ಅದಕ್ಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

"ಎಂಟೂ ಹತ್ತಕ್ಕ ಬಿಡಬೇಕ್ರಿ. ಎಂಟೂ ಹದಿನೈದು ಅಲ್ಲ, ಎಂಟೂ ಹತ್ತು."

"ಅದೇನ ಎಂಟೂ ಹತ್ತು? ಗಾಡಿ ಹಿಡಿಯೋದೈತೇನು?"

"ಸಣ್ಣಾಕಿ ಎಂಟೂವರಿಗೆ ಮಲಗ್ತಾಳ್ರಿ. ಏನ ಮಾಡಿದ್ರೂ ಎಂಟೂವರಿ ಆತಂದ್ರ ಕೂತಲ್ಲೇ ಉಳ್ಳಿ ಬೀಳ್ತಾಳ. ನಡಿಯಾಕ ಹತ್ತು ನಿಮಿಷ. ಉಳದ ಹತ್ತು ನಿಮಿಷ ನಂದು."

ಆ ಹತ್ತು ನಿಮಿಷದಲ್ಲಿ ಅವಳು ಮಗಳ ಶಾಲೆಯ ಡೈರಿ ನೋಡುತ್ತಿದ್ದಳು. ದಿನಾ ಪಾಲಕರ ಸಹಿ ಬೇಕು ಎಂದು ಶಾಲೆಯವರ ಕಟ್ಟುನಿಟ್ಟು. ಮಗಳು ಆ ದಿನ ಶಾಲೆಯಲ್ಲಿ ಆದದ್ದನ್ನೆಲ್ಲ ಒದರಬೇಕು, ತಾಯಿ ಸಹಿ ಮಾಡಬೇಕು, ಮಗಳು ಮಲಗಬೇಕು. ಇದು ಅವರ ಮನೆಯ ಪದ್ಧತಿ. ಒಪ್ಪಿದೆ. ರೊಟ್ಟಿ ಬಡಿಯುವವರು ಎಷ್ಟಕ್ಕೆ ಹೋದರೇನು, ಎಂಟರೊಳಗೆ ಆ ದಿನದ ರೊಟ್ಟಿ ಡಬ್ಬಿಯಲ್ಲಿರುತ್ತದೆ.

ಒಂದು ತಿಂಗಳಿಗೆ ಅವಳು ಒಲೆಯ ಮುಂದಿನಿಂದ ಟೇಬಲ್ಲಿನ ಮುಂದೆ ಬಂದಳು. ನಾನು ಕರೆತಂದದ್ದಲ್ಲ, ಗಿರಾಕಿಗಳು ಕರೆಸಿಕೊಂಡದ್ದು. ಯಾರದೋ ಕೂಸು ಊಟಕ್ಕೆ ಕುಳಿತಲ್ಲಿ ಒಂದೇ ಸಮ ಅಳುತ್ತಿತ್ತು. ಇವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು, ಅಂಗೈಯಗಲದ ಒಂದು ಬಿಸಿ ರೊಟ್ಟಿಗೆ ತುಪ್ಪ ಬೆಲ್ಲ ಸವರಿ, ಸುರುಳಿ ಸುತ್ತಿ ಅದರ ಕೈಗೆ ಕೊಟ್ಟಳು. ಅಳು ನಿಂತಿತು. ಮುಂದಿನ ವಾರ ಅದೇ ಮನೆಯವರು ಬಂದು, "ಆವತ್ತಿನ ಅಕ್ಕಾರನ್ನ ಕಳಸ್ರಿ" ಎಂದರು.

ಅವಳ ಬಡಿಸುವ ರೀತಿಯೇ ಬೇರೆ. ದೊಡ್ಡವರನ್ನು 'ಏನು ಬೇಕ್ರಿ' ಎಂದು ಮೊದಲು ಕೇಳುತ್ತಿರಲಿಲ್ಲ. ಮೊದಲು ಮಕ್ಕಳ ಮುಂದೆ ಲೋಟ, ಅದೂ ಅರ್ಧ ಮಾತ್ರ ನೀರು, ಚೆಲ್ಲಿದರೂ ಅಂಗಿ ತೊಯ್ಯಬಾರದು ಎಂದು. ಆಮೇಲೆ ಅವರ ಕೈಗೊಂದು ಹಪ್ಪಳ. ನಾನು ಗೊಣಗಿದೆ, ಬಿಲ್ಲಿಗೆ ಹತ್ತದ ಹಪ್ಪಳ ಎಷ್ಟು ಕೊಡ್ತೀ ಎಂದು.

"ಹುಡುಗ್ರ ಬಾಯಿ ತುಂಬೈತಂದ್ರ ದೊಡ್ಡವರು ನಿವಾಂತ ಕೂತು ಆರ್ಡರ್ ಹೇಳ್ತಾರ್ರಿ ಅಕ್ಕಾರ. ಹುಡುಗ್ರು ಅಳಾಕತ್ರ ಒಂದ ಪಲ್ಯೆ, ಎರಡ ರೊಟ್ಟಿ, ಬಿಲ್ ತರ್ರಿ ಅಂತಾರ. ನೀವ ನೋಡ್ರಿ."

ನೋಡಿದೆ. ಅವಳು ಹೇಳಿದಂತೆಯೇ ಇತ್ತು. ಈಗಲೂ ನಮ್ಮಲ್ಲಿ ಮಕ್ಕಳಿಗೆ ಮೊದಲು ಹಪ್ಪಳ. ಹೋಟೆಲು ನಡೆಸುವವರು ಬೇಕಾದರೆ ಇದನ್ನು ಬರೆದುಕೊಳ್ಳಿ, ಪುಕ್ಕಟೆ ಹೇಳುತ್ತಿದ್ದೇನೆ.

ಬಾರಿನ ಕಡೆಯವರು ಒಮ್ಮೊಮ್ಮೆ ದಾರಿ ತಪ್ಪಿ ಫ್ಯಾಮಿಲಿ ಕಡೆಗೆ ನುಗ್ಗುತ್ತಾರೆ. ನನ್ನ ಹತ್ತಿರ ಅದಕ್ಕೆ ಇದ್ದ ಮದ್ದು ಬಾಯಿ. ಅವಳ ಮದ್ದು ಬೇರೆ. ಒಬ್ಬ ದೊಡ್ಡ ದೇಹದ ಮನುಷ್ಯ ಒಂದು ಸಂಜೆ ಓಲಾಡುತ್ತ ಬಂದು ಮೂರನೆಯ ಟೇಬಲ್ಲಿನ ಹತ್ತಿರ ನಿಂತು, "ಏಯ್, ನನಗ್ಯಾಕ ಇಲ್ಲಿ ಕೊಡಂಗಿಲ್ಲ?" ಎಂದು ಗದರಿದ. ಆ ಟೇಬಲ್ಲಿನ ಹೆಣ್ಣುಮಕ್ಕಳು ತಟ್ಟೆ ಬಿಟ್ಟು ಏಳಲು ಸಿದ್ಧರಾದರು. ನಾನು ಗಲ್ಲಾದಿಂದ ಇಳಿಯುವಷ್ಟರಲ್ಲಿ ಇವಳು ಅವನ ಎದುರು ನಿಂತಿದ್ದಳು.

"ಅಣ್ಣಾರ, ಮನ್ಯಾಗ ಹುಡುಗ್ರು ಯಾವ ಕ್ಲಾಸ್ರಿ?"

"ಹಾಂ? ಯಾರ ಹುಡುಗ್ರು?"

"ನಿಮ್ಮವ್ರಿ."

"ಮಗ ಐದನೇದು." ಅವನು ನಿಂತಲ್ಲೇ ಯೋಚಿಸಿದ. "ಇಲ್ಲ. ಆರನೇದೇನೋ. ಐದೋ ಆರೋ…"

ಅಷ್ಟೇ. ಆ ಮನುಷ್ಯ ಗೋಡೆಗೆ ಒರಗಿ, ಬೆರಳು ಮಡಚಿ ಮಡಚಿ ವರ್ಷ ಎಣಿಸತೊಡಗಿದ. ಅವನಿಗೆ ಲೆಕ್ಕ ಹತ್ತಲಿಲ್ಲ. ಇವಳು ಒಂದು ಲೋಟ ಮಜ್ಜಿಗೆ ಕೈಗಿಟ್ಟು, "ಮನಿಗೆ ಹೋಗಿ ಕೇಳ್ರಿ, ಇನ್ನೂ ಎದ್ದಿರ್ತಾನ" ಎಂದಳು. ಅವನು ಹೋದ. ಮೈದುನ ಆಮೇಲೆ ನನ್ನ ಹತ್ತಿರ ಬಂದು ಜಗಳವಾಡಿದ: "ಅತ್ತಿಗಿ, ನಿಮ್ಮ ಮೇಡ್ಲೇರಿಯಾಕಿ ಹಿಂಗ ಎಲ್ಲಾರಿಗೂ ಕ್ಲಾಸ್ ಕೇಳ್ಕೋತ ಹೋದ್ರ ನನ್ನ ಬಾರ್ ಮುಚ್ಚಬೇಕಾಗತೈತಿ." ನಾನು ಬಿದ್ದು ಬಿದ್ದು ನಕ್ಕೆ.

ಇನ್ನೊಂದು ಸಂಜೆ ಅವಳ ಸಣ್ಣ ಮಗಳ ಕ್ಲಾಸ್ ಟೀಚರು ಮನೆಮಂದಿಯ ಜೊತೆ ಊಟಕ್ಕೆ ಬಂದರು. ಬಾಗಿಲಲ್ಲಿ ಅವರನ್ನು ಕಂಡದ್ದೇ ಇವಳ ಮುಖ ಸುಣ್ಣವಾಯಿತು. "ನೀ ಒಳಗ ಹೋಗು, ನಾ ಬಡಸ್ತೇನಿ" ಎಂದೆ. ಅವಳು ಅಡುಗೆಮನೆಯ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಅಡಗಿ ಕುಂತ್ರ ನಾ ಏನೋ ತಪ್ಪು ಮಾಡೇನಿ ಅಂದಂಗಾತಲ್ರಿ" ಎಂದು ಸೆರಗು ಸಿಕ್ಕಿಸಿ, ಆ ಟೇಬಲ್ಲಿಗೆ ತಾನೇ ಬಡಿಸಿದಳು. ಟೀಚರೂ ಗುರುತು ತೋರಲಿಲ್ಲ, ಇವಳೂ ತೋರಲಿಲ್ಲ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲವಂತೆ. ಮರುದಿನ ಸಂಜೆ ಡೈರಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದು ನನಗೆ ತೋರಿಸಿದಳು. ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಮಗ್ಗಿ ಚೆನ್ನಾಗಿ ಕಲಿತಿದ್ದಾಳೆ. ರೊಟ್ಟಿ ತುಂಬಾ ಚೆನ್ನಾಗಿತ್ತು.' ಅದನ್ನು ಅವಳು ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದಳು, ಪಾತ್ರೆ ತೊಳೆಯುವವಳಿಗೆ ಎರಡು ಸಲ.

ಇಂಥವಳು ಎಂಟೂ ಹತ್ತಕ್ಕೆ ಹೊರಟುಬಿಡುವುದು ನನಗೆ ಹೇಗೆ ಸಹನೆಯಾಗಬೇಕು? ಎಂಟಕ್ಕೆ ಜನ ಬರುತ್ತಾರೆ, ಹತ್ತು ನಿಮಿಷಕ್ಕೆ ಇವಳು ಚಪ್ಪಲಿ ಮೆಟ್ಟುತ್ತಾಳೆ. ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದ ಹೆಂಡತಿಯರು ತಿರುಗಿ ಹೋಗುವುದನ್ನು ನಾನು ಗಲ್ಲಾದಿಂದ ನೋಡುತ್ತಿದ್ದೆ. ಒಂದು ದಿನ ಅವಳನ್ನು ಕೂರಿಸಿಕೊಂಡೆ. ಅರ್ಧ ತಾಸು ಹೆಚ್ಚು ನಿಲ್ಲು ಎಂದೆ. ಆಗುವುದಿಲ್ಲ ಎಂದಳು. ಎಂಟು ನೂರು ಎಂದೆ. ಆಗುವುದಿಲ್ಲ. ಸಾವಿರ. ಅವಳು ಗಡಿಯಾರ ನೋಡಿದಳು. ಆಗ ನಾನು ಕೊನೆಯ ಅಸ್ತ್ರ ತೆಗೆದೆ.

"ನನ್ನ ಮಗ ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ಚೀಲದ ಮ್ಯಾಲೆ ಮಲಗಿ ಬೆಳದಾನ. ಏನಾಗೇತಿ ಅವಗ? ಹುಡುಗ್ರು ತಾವ ಬೆಳೀತಾವ."

"ಏನೂ ಆಗಿಲ್ರಿ. ಆದ್ರ ಅವರು ನಿಮ್ಮ ಕಣ್ಣ ಮುಂದ ಮಲಗಿದ್ರಲ್ರಿ ಅಕ್ಕಾರ."

ಉತ್ತರ ಇಲ್ಲದಾಗ ಬೆಲೆ ಏರಿಸಬೇಕು, ಅದೂ ಮಾರ್ಕೆಟ್ಟಿನ ಪಾಠವೇ. ಹನ್ನೆರಡು ನೂರು ಎಂದೆ. ದೊಡ್ಡ ಮಗಳಿಗೆ ಟ್ಯೂಷನ್ನು ಹಚ್ಚಬೇಕಾಗಿತ್ತು. ಅದರ ಫೀ ಎಷ್ಟೆಂದು ನಾನು ಮೊದಲೇ ಬೇರೆಯವರ ಬಾಯಿಂದ ತಿಳಿದುಕೊಂಡಿದ್ದೆ, ಸರಿಯಾಗಿ ಹನ್ನೆರಡು ನೂರು. ಅವಳು ಬೆರಳಿನ ಉಂಗುರ ಒಂದು ಸುತ್ತು ತಿರುಗಿಸಿ, "ಆತ್ರಿ" ಎಂದಳು. ಗೆದ್ದೆ ಎಂದುಕೊಂಡು ನಾನು ಆ ದಿನ ಅಡುಗೆಮನೆಯವರಿಗೆಲ್ಲ ಜಿಲೇಬಿ ತರಿಸಿದೆ. ಅವಳೂ ಒಂದು ತಿಂದಳು.

ಅಂದಿನಿಂದ ಅವಳು ಮನೆ ಮುಟ್ಟುವಾಗ ಎಂಟೂ ಐವತ್ತು. ಸಣ್ಣವಳು ಮಲಗಿ ಇಪ್ಪತ್ತು ನಿಮಿಷ ಆಗಿರುತ್ತಿತ್ತು. ಬೆಳಿಗ್ಗೆ ಏನು ಮಾಡುತ್ತೀ ಎಂದು ಕೇಳಿದರೆ, ನಳದ ನೀರು, ನಾಷ್ಟಾ, ಜಡೆ, ಆಟೋ, ಇಷ್ಟರಲ್ಲಿ ಮಾತು ಎಲ್ಲಿ ಬಂತು ಎನ್ನುತ್ತಿದ್ದಳು.

ಸ್ವಲ್ಪ ದಿನಕ್ಕೆ ನನಗೆ ಒಂದು ಕಳ್ಳತನ ಸಿಕ್ಕಿತು. ಆರ್ಡರ್ ಬರೆಯುವ ಚೀಟಿಯ ಪ್ಯಾಡುಗಳು ಲೆಕ್ಕಕ್ಕಿಂತ ಬೇಗ ಮುಗಿಯುತ್ತಿದ್ದವು. ಕಾವಲು ಇಟ್ಟು ನೋಡಿದೆ. ಗದ್ದಲ ಶುರುವಾಗುವ ಮೊದಲು, ಏಳೂವರೆಗೆ, ಎಲ್ಲರೂ ಐದು ನಿಮಿಷ ಚಹಾ ಕುಡಿಯುವಾಗ ಇವಳು ಒಂದು ಚೀಟಿ ಹರಿದು, ಹಪ್ಪಳದ ಡಬ್ಬಿಯ ಮೇಲೆ ಇಟ್ಟುಕೊಂಡು ಏನೋ ಬರೆದು ಕುಪ್ಪಸದೊಳಗೆ ಇಡುತ್ತಿದ್ದಳು. ಎಲ್ಲರ ಮುಂದೆಯೇ ಕೇಳಿದೆ.

"ಏನವ್ವಾ ಅದು? ನನ್ನ ಪ್ಯಾಡ್ ಏನು ಪುಕ್ಕಟೆ ಬಂದೈತೇನು?"

ಅವಳು ನಾಚಿದಳು. ಮಗಳ ಡೈರಿಯಲ್ಲಿ ಸಿಕ್ಕಿಸಲಿಕ್ಕೆ ಎಂದಳು. ಮನೆಗೆ ಹೋಗಿ ಬರೆಯೋಣವೆಂದರೆ ಲೈಟು ಹಾಕಿದರೆ ಹುಡುಗಿಯರು ಏಳುತ್ತಾರೆ, ಕತ್ತಲಲ್ಲಿ ಸಹಿಯೇನೋ ಆಗುತ್ತದೆ, ಬರೆಯಲು ಆಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಆ ಹುಡುಗಿ ಮುಖ ತೊಳೆಯುವ ಮೊದಲು ಡೈರಿ ಬಿಚ್ಚುತ್ತದೆ, ಚೀಟಿ ಇದ್ದರೆ ಅವ್ವ ಬಂದಿದ್ದಳು ಎಂದು ಅದಕ್ಕೆ ಖಾತ್ರಿ.

ನಾನು ಮಾಡಿದ್ದೇನು ಗೊತ್ತೇ? ಹೊಸ ಚೀಟಿ ಹರಿಯಬೇಡ ಎಂದೆ. ಅಡುಗೆಮನೆಯ ಗೋಡೆಯಲ್ಲಿ ಒಂದು ಮೊಳೆ ಇದೆ, ಆದ ಆರ್ಡರುಗಳ ಚೀಟಿಗಳನ್ನು ಅದಕ್ಕೆ ಚುಚ್ಚುತ್ತೇವೆ, ಮರುದಿನ ಲೆಕ್ಕ ತಾಳೆ ನೋಡಿದ ಮೇಲೆ ಒಲೆಗೆ ಹೋಗುತ್ತವೆ. "ಅವನ್ನ ತಗೋ. ಹಿಂದಿನ ಮಗ್ಗಲಾ ಖಾಲಿ ಇರತೈತಿ" ಎಂದೆ. ಅವಳಿಗೆ ಬಹಳ ಖುಷಿಯಾಯಿತು. ನನಗೂ ಖುಷಿಯೇ, ನಾನು ಉಪಕಾರ ಮಾಡಿದೆನಲ್ಲ.

ಒಂದು ವರ್ಷ ಹೀಗೆ ನಡೆಯಿತು. ಮುಂದಿನ ಶ್ರಾವಣದಲ್ಲಿ ಅವಳು ಗಲ್ಲಾದ ಹತ್ತಿರ ಬಂದು ನಿಂತಳು. ಕೈಯಲ್ಲಿ ಮಡಚಿದ ನೋಟುಗಳು.

"ಅಕ್ಕಾರ, ಈ ತಿಂಗಳಿನ ಹನ್ನೆರಡು ನೂರು ತಗೊಳ್ರಿ. ನನ್ನ ಅರ್ಧ ತಾಸು ನನಗ ವಾಪಸ್ ಕೊಡ್ರಿ."

"ಯಾಕ? ಏನಾತು?"

"ಸಣ್ಣಾಕಿ ಹಲ್ಲು ಬಿದ್ದಿತ್ರಿ. ಮುಂದಿಂದು. ನನಗ ನಾಕು ದಿನ ಆದಮ್ಯಾಲೆ ಗೊತ್ತಾತು, ಜಡಿ ಹಾಕಾಕತ್ತಾಗ ನಕ್ಕಳು, ಆವಾಗ. ಯಾಕ ಹೇಳಲಿಲ್ಲ ಅಂದ್ರ, ನೀ ಎದ್ದಿದ್ದಿಲ್ಲಲ್ಲ ಅಂತಾಳ. ನಾ ಮಲಗಿರ್ತೇನಿ ಅಂತ ತಿಳಕೊಂಡಾಳ್ರಿ ಅಕಿ, ತಾ ಮಲಗಿದ್ದು ಅಲ್ಲ."

ಓದುವವರೇ, ಶ್ರಾವಣದಲ್ಲಿ ನಮ್ಮ ಧಂದೆ ಬಿದ್ದಿರುತ್ತದೆ. ಮಾಂಸ ಬಿಡುವವರು, ಕುಡಿಯುವುದು ಬಿಡುವವರು, ಸೋಮವಾರ ಶನಿವಾರ ಹಿಡಿಯುವವರು. ಎಂಟು ಟೇಬಲ್ಲಿನಲ್ಲಿ ಮೂರು ತುಂಬಿದರೆ ಹೆಚ್ಚು. ಆ ಅರ್ಧ ತಾಸು ಆಗ ನನಗೆ ಬೇಕಾಗಿಯೇ ಇರಲಿಲ್ಲ. ಆ ನಿಮಿಷವೇ 'ತಗೋ, ಹೋಗು' ಎನ್ನಬಹುದಾಗಿತ್ತು. ಆದರೆ ನನ್ನೊಳಗಿನ ಮಾರ್ಕೆಟ್ಟು ಬೇರೆಯೇ ಲೆಕ್ಕ ಹಾಕಿತು. ಈಗ ಬಿಟ್ಟುಕೊಟ್ಟರೆ ದಸರಾ, ದೀಪಾವಳಿಯ ಸೀಜನ್ನಿಗೆ ಮತ್ತೆ ಕೇಳಬೇಕು. ಮತ್ತೆ ಕೇಳಿದರೆ ಕೊಡುವುದಿಲ್ಲ, ಕೊಟ್ಟರೂ ಬೆಲೆ ಏರಿರುತ್ತದೆ. ಕೈಗೆ ಬಂದ ಮಾಲನ್ನು ಇಟ್ಟುಕೊಳ್ಳಬೇಕು. ನಕ್ಕೆ.

"ಕೊಂಡ ಮಾಲು ವಾಪಸ್ ಇಲ್ಲ ಅಂತ ಬೋರ್ಡ್ ಹಚ್ಚಲೇನು? ದೀಪಾವಳಿ ಆಗಲಿ ಬಿಡು. ಅದಾದ ಮರುದಿನದಿಂದ ಎಂಟೂ ಹತ್ತಕ್ಕ ಹೋಗು. ಅಲ್ಲೀತನಕ ನನ್ನ ಹತ್ರ ಇರಲಿ."

"ಖರೇನ್ರಿ?"

"ಖರೇ."

ಅವಳು ನೋಟು ಒಳಗಿಟ್ಟುಕೊಂಡು ಟೇಬಲ್ಲಿಗೆ ಹೋದಳು. ಹೋಗುವಾಗ ಬೆರಳು ಎಣಿಸುತ್ತಿದ್ದಳು.

ದಸರೆಗೆ ಇನ್ನೂ ವಾರ ಇರುವಾಗ ಅವಳಿಗೆ ಜ್ವರ ಬಂತು. ಊರ ತುಂಬ ಡೆಂಗ್ಯೂ ಇದ್ದ ದಿನಗಳು. ಎರಡು ದಿನ ಗುಳಿಗೆ ನುಂಗಿ ಕೆಲಸಕ್ಕೆ ಬಂದಳು. ಮೂರನೆಯ ದಿನ ನಾನೇ ಮನೆಗೆ ಕಳಿಸಿದೆ. ಆ ದಿನ ಅವಳು ಹೊರಟದ್ದು ಐದು ಗಂಟೆಗೆ. ಮೆಟ್ಟಿಲಿಳಿಯುವಾಗ ತಿರುಗಿ, "ಇವತ್ತ ಸಣ್ಣಾಕಿ ಎದ್ದಿರ್ತಾಳ್ರಿ" ಎಂದಳು. ಮೈ ಸುಡುತ್ತಿದ್ದರೂ ಮುಖದಲ್ಲಿ ನಗು ಇತ್ತು. ಮರುದಿನ ದವಾಖಾನೆ, ಅದರ ಮರುದಿನ ದಾವಣಗೆರೆ. ಗಂಡ ಲಾರಿ ಬಿಟ್ಟು ಬಂದು ಮುಟ್ಟುವ ಹೊತ್ತಿಗೆ ಆಗಿಹೋಗಿತ್ತು. ಮೂವತ್ತಾರು ವಯಸ್ಸು ಎಂದರು. ಕೆಲಸಕ್ಕೆ ಸೇರುವಾಗ ನಾನು ಅದನ್ನೂ ಕೇಳಿರಲಿಲ್ಲ.

ಮಣ್ಣಿಗೆ ಮೇಡ್ಲೇರಿಗೆ ಹೋದೆ. ಜನರ ಹಿಂದೆ ನಿಂತು ಬಂದೆ. ಮಕ್ಕಳ ಮುಂದೆ ಹೋಗಲು ಧೈರ್ಯವಾಗಲಿಲ್ಲ. ದೀಪಾವಳಿಯ ಸೀಜನ್ನು ಬಂತು, ಎಂಟೂ ಟೇಬಲ್ಲು ತುಂಬಿದವು. ಹಬ್ಬಕ್ಕೆ ಕೆಲಸದವರಿಗೆಲ್ಲ ಸೀರೆ, ಸಿಹಿಯ ಡಬ್ಬಿ ಕೊಡುವುದು ನನ್ನ ಪದ್ಧತಿ. ಅವಳ ಪಾಲಿನದನ್ನು ತೆಗೆದಿಟ್ಟಿದ್ದೆ. ಹಬ್ಬ ಮುಗಿದ ಮರುದಿನ ಅದನ್ನೂ, ಮಕ್ಕಳಿಗೆ ಎರಡು ಜೊತೆ ಬಟ್ಟೆಯನ್ನೂ ತೆಗೆದುಕೊಂಡು ಆ ಎರಡು ಕೋಣೆಯ ಮನೆಗೆ ಹೋದೆ. ಏಳೂವರೆಯ ಹೊತ್ತು. ಗಂಡ ಮತ್ತೆ ಲಾರಿಯ ಮೇಲೆ ಹೋಗಿದ್ದ. ಹೋಗದೆ ಏನು ಮಾಡಿಯಾನು? ಅತ್ತೆ ಚಾಪೆ ಹಾಸಿ, "ಬರ್ರಿ, ಕುಂದ್ರಿ" ಎಂದಳು. ದೊಡ್ಡವಳು ಚಹಾ ಇಟ್ಟಳು, ಅವ್ವನ ಹಾಗೆಯೇ ಕಪ್ಪಿನ ಹಿಡಿಕೆ ನನ್ನ ಬಲಗೈ ಕಡೆಗೆ ತಿರುಗಿಸಿ. ಸಣ್ಣವಳು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

"ನೀವು ಅಕ್ಕಾರೇನ್ರಿ?"

"ಹೂಂ. ಬಾ ಇಲ್ಲಿ."

ಅವಳು ಬರಲಿಲ್ಲ. ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ತುಂಬ ನನ್ನ ಹೋಟೆಲಿನ ಚೀಟಿಗಳು. ಪ್ರತಿಯೊಂದರ ನಡುವೆ ಮೊಳೆಯ ತೂತು. ಒಂದು ಬದಿಗೆ ನನ್ನ ವ್ಯಾಪಾರ: 'ಟೇಬಲ್ 4: ರೊಟ್ಟಿ ಊಟ 2, ಮೊಸರನ್ನ 1.' ತಿರುಗಿಸಿದರೆ ಅವಳು. 'ಇವತ್ತ ಒಬ್ಬ ಅಜ್ಜ ಐಸ್‌ಕ್ರೀಮ್ ಬಿಸಿ ಮಾಡಿ ಕೊಡ್ರಿ ಅಂದ.' 'ಇವತ್ತ ಒಬ್ಬ ಹುಡುಗಿ ನಿನ್ನಂಗ ಉಳ್ಳಾಗಡ್ಡಿ ಆರಿಸಿ ಬಾಜೂಕ ಇಟ್ಟಳು. ನೀನ ಬಂದಿ ಅಂತ ಮಾಡಿದ್ದೆ.' 'ಇವತ್ತ ಅಕ್ಕಾರು ಬೈದರು, ಆಮ್ಯಾಲೆ ಮೈಸೂರ್‌ಪಾಕ್ ಕೊಟ್ಟರು.' ದಿನಕ್ಕೊಂದು ಸಾಲು. ಅರ್ಧ ತಾಸಿನ ಬದಲಿಗೆ ಅವಳು ಮಗಳಿಗೆ ಕೊಟ್ಟದ್ದು ಇದು. ಕಾಗದ ನನ್ನದು, ಅದೂ ಸುಡಬೇಕಾಗಿದ್ದ ಕಾಗದ.

ಸಣ್ಣವಳು ಡಬ್ಬಿಯೊಳಗೆ ಕೈ ಹಾಕಿ, ಎಲ್ಲಿದೆಯೆಂದು ಗೊತ್ತಿದ್ದವಳಂತೆ ಒಂದೇ ಚೀಟಿ ಎತ್ತಿ ನನ್ನ ಕೈಯಲ್ಲಿಟ್ಟಳು.

'ಇವತ್ತ ಅಕ್ಕಾರಿಗೆ ನಮ್ಮ ಅರ್ಧ ತಾಸು ವಾಪಸ್ ಕೇಳಿದೆ. ದೀಪಾವಳಿ ಆದ ಮರುದಿನ ಕೊಡ್ತಾರಂತ. ಅಲ್ಲೀತನಕ ಅವರ ಹತ್ರ ಜೋಪಾನ ಇರತೈತಿ.'

"ದೀಪಾವಳಿ ಆತಲ್ರಿ" ಎಂದಳು ಸಣ್ಣವಳು.

ಅತ್ತೆ ಒಳಗಿನಿಂದ, "ಏ ಹುಚ್ಚಿ, ಸುಮ್ನಿರು!" ಎಂದು ಗದರಿದಳು. ದೊಡ್ಡವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಐವತ್ತು ವರ್ಷದಲ್ಲಿ ಎಂಥೆಂಥವರಿಗೋ ಉತ್ತರ ಕೊಟ್ಟವಳು, ದಲಾಲರಿಗೆ, ಅಧಿಕಾರಿಗಳಿಗೆ, ಮಾತು ತಪ್ಪಿದ ಮಾಲೀಕರಿಗೆ. ಆ ಚೀಟಿ ಹಿಡಿದುಕೊಂಡು ಕುಳಿತೆ.

ಸಿಟ್ಟಿನಿಂದಲ್ಲ, ಸಹಜವಾಗಿ ಆ ಹುಡುಗಿ ಪಕ್ಕಕ್ಕೆ ಬಂದು ಕುಳಿತಳು. ಡೈರಿ ತೆರೆದು ಶಾಲೆಯಲ್ಲಿ ಆದದ್ದನ್ನು ಹೇಳತೊಡಗಿದಳು. ಯಾರೋ ಇವಳ ರಬ್ಬರು ಕದ್ದದ್ದು, ಟೀಚರು ಹೊಸ ಕನ್ನಡಕ ಹಾಕಿಕೊಂಡು ಬಂದದ್ದು, ಇವಳಿಗೆ ಏಳರ ಮಗ್ಗಿ ಮಾತ್ರ ತಪ್ಪುವುದು. ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲಿನ ಅಂಚು ಬಿಳಿಯಾಗಿ ಕಾಣುತ್ತಿತ್ತು. "ಆಮ್ಯಾಲೆ ಏನಾತಂದ್ರ…" ಎನ್ನುತ್ತ ಅವಳ ಮಾತು ನಿಂತಿತು. ಏನಾಯಿತು ಎಂದು ನೋಡಿದರೆ ಕೂತಲ್ಲೇ ನನ್ನ ತೋಳಿಗೆ ಉರುಳಿದ್ದಳು. ಗೋಡೆಯ ಗಡಿಯಾರದಲ್ಲಿ ಎಂಟೂವರೆ.

ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಂಡದ್ದು ಏನು ಎಂದು ಆ ದಿನ ಮೊದಲ ಸಲ ಕಣ್ಣಿನಿಂದ ನೋಡಿದೆ. ಯಾವ ಮಾಲನ್ನೂ ಕೈಯಲ್ಲಿ ಹಿಡಿಯದೆ, ಮುರಿದು ಮೂಸದೆ ಕೊಳ್ಳದವಳು, ಅದನ್ನು ನೋಡದೆಯೇ ಕೊಂಡಿದ್ದೆ. ಮಾರಿದವಳ ಹತ್ತಿರ ಅದು ಎಷ್ಟು ಉಳಿದಿದೆ ಎಂದೂ ಕೇಳಿರಲಿಲ್ಲ.

ನನಗೆ ಬುದ್ಧಿ ಹೇಳುವ ಚಟ, ಎಲ್ಲರಿಗೂ ಗೊತ್ತು. ಆದ್ದರಿಂದ ಇದನ್ನೂ ಹೇಳಿಯೇ ಮುಗಿಸುತ್ತೇನೆ. ಸಂಜೆಯ ಕೆಲಸಕ್ಕೆ ಹೋಗುವ ತಾಯಿ ತಂದೆಗಳೇ, ಪಗಾರದ ಮಾತಿಗೆ ಮೊದಲು ಬಿಡುವ ವೇಳೆ ಹೇಳಿ, ಅದೂ ನಿಮಿಷ ಸಮೇತ, ಅವಳು ಹೇಳಿದ ಹಾಗೆ. ಮನೆಗೆ ನಡೆಯುವ ಹೊತ್ತನ್ನು ಅದರಲ್ಲಿ ಕಳೆಯಿರಿ, ಮಾಲೀಕರು ಕಳೆಯುವುದಿಲ್ಲ. ಹೆಚ್ಚಿನ ಹಣದ ಮಾತು ಬಂದರೆ ಆ ದಿನ ಹೂಂ ಎನ್ನಬೇಡಿ. ಮನೆಗೆ ಹೋಗಿ, ಮಲಗಿದ ಮಕ್ಕಳನ್ನು ಒಂದು ಸಲ ನೋಡಿ, ಮರುದಿನ ಉತ್ತರ ಕೊಡಿ. ಫಾರ್ಮಿನಲ್ಲಿ ನಿಮ್ಮ ನಿಜವಾದ ಕೆಲಸ ಬರೆಸಿ. ಟೀಚರು ರೊಟ್ಟಿ ತಿಂದು ಹೊಗಳಬಹುದು.

ನನ್ನಂಥ ಮಾಲೀಕರೇ, ಜೋಳ, ಉಳ್ಳಾಗಡ್ಡಿ, ಎಣ್ಣೆ, ಬಾಡಿಗೆ, ಎಲ್ಲದರ ಮೇಲೂ ಎದೆ ತಟ್ಟಿ ಚೌಕಾಶಿ ಮಾಡಿ, ನಾನೂ ಮಾಡುತ್ತೇನೆ. ಕೆಲಸಕ್ಕೆ ಬಂದವರನ್ನು ಮಾತ್ರ ಮೊದಲು ಕೇಳಿ, ಮನೆಯ ಸಣ್ಣ ಕೂಸು ಎಷ್ಟಕ್ಕೆ ಮಲಗುತ್ತದೆ ಎಂದು. ಅದನ್ನು ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಬರೆದುಕೊಳ್ಳಿ. ಅದಕ್ಕೆ ಅರ್ಧ ತಾಸು ಮುಂಚಿನವರೆಗಿನ ವೇಳೆಯಷ್ಟೇ ನೀವು ಕೊಳ್ಳಬಹುದಾದದ್ದು, ಅದರಾಚೆಯದು ಮಾರಾಟಕ್ಕಿಲ್ಲ. ಆ ಹೊತ್ತಿಗೆ ಕೈ ಕಡಿಮೆ ಬಿದ್ದರೆ ಗಲ್ಲಾದಿಂದ ನೀವೇ ಇಳಿಯಿರಿ. ನಾನು ಈಗ ಎಂಟೂ ಹತ್ತಕ್ಕೆ ಇಳಿಯುತ್ತೇನೆ, ಮಕ್ಕಳಿಗೆ ಅರ್ಧ ಲೋಟ ನೀರು, ಹಪ್ಪಳ ಇಡುತ್ತೇನೆ. ಮೊಣಕಾಲು ನೋಯುತ್ತದೆ, ಅಷ್ಟೇ.

ಮತ್ತು ಯಾರಾದರೂ ನಿಮ್ಮ ಮುಂದೆ ನೋಟು ಹಿಡಿದು ನಿಂತು, ನನ್ನ ವೇಳೆ ನನಗೆ ವಾಪಸ್ ಕೊಡಿ ಎಂದರೆ, ಹಬ್ಬ ನೋಡಬೇಡಿ, ಸೀಜನ್ನು ನೋಡಬೇಡಿ. ಗಡಿಯಾರ ನೋಡಿ. ಎಂಟೂ ಹತ್ತು ಇನ್ನೂ ಆಗಿಲ್ಲದಿದ್ದರೆ ಆ ದಿನವೇ ಕಳಿಸಿಬಿಡಿ.